ನಾಲ್ಕಿಂಚು ಮೂರಿಂಚಾದಾಗ

ಅಪ್ಪಾ,

ಬೋರ್‌ವೆಲ್ ತೊಟ್ಟಿಯ ಮುಂದೆ ಊರವರೆಲ್ಲ ಸೇರಿದ್ದ ಆ ಬೆಳಗ್ಗೆ ನೆನಪಿದೆಯಾ? ನನಗಂತೂ ಅದನ್ನು ಬಿಟ್ಟು ಬೇರೇನೂ ನೆನಪಾಗುತ್ತಿಲ್ಲ. ಊರಿಗೆ ನೀರು ಬಿಡುವ ನೀರುಗಂಟಿ ನೀನು. ತೊಟ್ಟಿಯ ಬಾಯಿಗೆ ಕೂರಿಸಿದ ತಗಡಿನಲ್ಲಿ ತ್ರಿಕೋನದ ಕಂಡಿ. ಮೇಲೆ ಅಗಲ, ಕೆಳಗೆ ಚೂಪು. ಅದರಲ್ಲಿ ಎಷ್ಟು ಇಂಚು ಎತ್ತರ ಹರಿದರೆ ಬೋರಿನಲ್ಲಿ ಅಷ್ಟು ಇಂಚು ನೀರು ಅಂತ ನಮ್ಮ ಕಡೆ ಲೆಕ್ಕ. ನಾಲ್ಕು ಇದ್ದದ್ದು ಮೂರಕ್ಕೆ ಇಳಿದಿತ್ತು. "ಅರ್ಧ ನೀರೇ ಓಗ್ಬುಟ್ಟದೆ ಕಣ್ರಪ್ಪಾ, ಇನ್ಮೇಲೆ ದಿನಾ ಬುಡಕಾಗಲ್ಲ," ಅಂದೆ ನೀನು.

"ನಾಕ್ರಲ್ಲಿ ಒಂದು ಓದ್ರೆ ಅರ್ಧ ಎಂಗ್ಲಾ ಆಯ್ತದೆ? ಮಿಕ್ಕಿದ್ದ ಯಾರ ಬಾಳೆ ತೋಟಕ್ಕೆ ಬುಟ್ಟೆ?" ಅಂತ ಅಂಗಡಿ ಮಾದಪ್ಪ ಕೂಗಿದರು. ಚಾಮರಾಜನಗರದಲ್ಲಿ ಆಗಷ್ಟೇ ಡಿಪ್ಲೊಮಾಗೆ ಸೇರಿದ್ದ ನಾನು, ದೊಡ್ಡ ಬುದ್ಧಿವಂತೆ, ಎಲ್ಲರೆದುರು ಬಾಯಿ ಹಾಕಿದೆ: "ಕಾಲು ಭಾಗ ಅಷ್ಟೇ ಕಣಪ್ಪ ಕಮ್ಮಿ ಆಗಿರೋದು." ನೀನು ತಿರುಗಿ ನೋಡಿದೆ. "ನೀನೂವೇ ಅಂಗೇ ಅಂತಿಯೇನಮ್ಮಿ? ಟ್ಯಾಂಕು ತುಂಬಕೆ ಮೊದ್ಲಿನ ಎರಡರಷ್ಟು ಒತ್ತು ಹಿಡೀತದೆ, ನಾನೇ ಕಾಯ್ತಾ ಕೂತಿರ್ತೀನಿ..." ನಾನು ಕೇಳಿಸಿಕೊಂಡೆನಾ?

ಸಂಜೆಗೆ ವಾಲ್ವಿನ ಕೀಲಿ ನಿನ್ನ ಕೈಯಿಂದ ಹೋಯಿತು. ಆಮೇಲೆ ನೀನು ಬೀದಿಗೆ ಇಳಿಯುವುದನ್ನೇ ಬಿಟ್ಟೆ. ಅಮ್ಮ ಬೈದರೂ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಮೂರೇ ತಿಂಗಳು. ಎದೆ ನೋವು ಅಂದೆ. ಗುಂಡ್ಲುಪೇಟೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ...

ಹೋದ ವಾರ ಕಾಲೇಜಿನ ಲ್ಯಾಬಿನಲ್ಲಿ ಅದೇ ಥರದ ಕಂಡಿ. ವಿ-ನಾಚ್ ಅಂತಾರೆ. ನಾಲ್ಕಿಂಚು ಹರಿಸಿ ತೊಟ್ಟಿ ತುಂಬುವ ಹೊತ್ತು ಹಿಡಿದೆ. ಮೂರಕ್ಕೆ ಇಳಿಸಿ ಮತ್ತೆ ಹಿಡಿದೆ. ಎರಡರಷ್ಟು! ಕಂಡಿಯಲ್ಲಿ ಮೇಲಿನ ಇಂಚೇ ಎಲ್ಲಕ್ಕಿಂತ ಅಗಲ, ನೀರಿನ ರಭಸವೂ ಎತ್ತರದ ಜೊತೆಗೇ ಇಳಿಯುತ್ತದೆ. ಒಂದಿಂಚು ಹೋದರೆ ಅರ್ಧ ನೀರೇ ಹೋಗುತ್ತದೆ. ಸ್ಟಾಪ್‌ವಾಚ್ ಹಿಡಿದುಕೊಂಡೇ ಅತ್ತುಬಿಟ್ಟೆ. ಏನಾಯಿತೇ ಅಂತ ಮೇಡಂ ಕೇಳಿದರು. ನಾನು ಇನ್ನೊಮ್ಮೆ ತೊಟ್ಟಿ ತುಂಬುವ ಹೊತ್ತು ಹಿಡಿದೆ.

ಭಾನುವಾರ ಊರಿಗೆ ಹೋಗಿ ಮಾದಪ್ಪನವರ ಅಂಗಡಿ ಮುಂದೆ ನಿಂತು ಎಲ್ಲ ಹೇಳಿದೆ. "ಓಗ್ಲಿ ಬುಡವ್ವ, ಸತ್ತೋರ ಸುದ್ದಿ ಈಗ್ಯಾಕೆ? ಕಾಪಿ ಕುಡೀತೀಯಾ?" ಅಂದರು. ಅಷ್ಟೇ. ಅವರ ಮೇಲೆ ಏನಂತ ಸಿಟ್ಟು ಮಾಡಲಿ ಅಪ್ಪಾ? ಅವರು ಊರವರು. ನಾನು ನಿನ್ನ ಮಗಳು. ನೀನು ಕದ್ದವನಲ್ಲ ಅಂತ ನಂಬುವುದಕ್ಕೆ ನನಗೆ ಲ್ಯಾಬು ಬೇಕಾಯಿತಲ್ಲ.