ಚೌಡಮ್ಮನ ಕಾವಲಿನಲ್ಲಿ ಉಳಿದ ಅತಿಥಿ

ಸಾಗರ
೨೬ ಏಪ್ರಿಲ್ ೨೦೨೦, ಭಾನುವಾರ

ಮುಕುಂದಯ್ಯನಿಗೆ,

ಸೀತಾರಾಮಪ್ಪನ ನಮಸ್ಕಾರ. ಗುರುವಾರದಿಂದ ನೀನು ಎಷ್ಟೋ ಸಲ ದೂರವಾಣಿಯಲ್ಲಿ ಕರೆದೆ, ನಾನು ಎತ್ತಲಿಲ್ಲ. ನಿನ್ನ ಮಗ ಪೂರ್ಣೇಶನಿಂದ “ಮೇಷ್ಟ್ರಿಗೆ ಯಾಕಂತೆ ಸಿಟ್ಟು?” ಎಂದು ಕೇಳಿಸಿದೆ. ಮಾತಿಗಿಳಿದರೆ ನೀನು ನಡುವೆ ನಕ್ಕು, ಕೊನೆಗೆ ನನ್ನನ್ನೂ ನಗಿಸಿಬಿಡುತ್ತೀಯೆ. ಬಾಲ್ಯದಿಂದ ಹಾಗೆಯೇ ಆಗಿದೆ. ಈ ಸಲ ಆಗಬಾರದೆಂದು ಬರೆಯುತ್ತಿದ್ದೇನೆ. ತಡವಾದುದಕ್ಕೆ ಕ್ಷಮೆ ಕೇಳುವುದು ವಾಡಿಕೆ, ಕೇಳುತ್ತಿಲ್ಲ. ಇದಕ್ಕಿಂತ ಕಟುವಾಗಿ ಬರೆದಿದ್ದ ಕಾಗದವನ್ನು ಒಲೆಗೆ ಹಾಕಿದ್ದರಿಂದ ತಡವಾಯಿತು. ಅಂಚೆಯನ್ನು ನಂಬುವಂತಿಲ್ಲ, ತರಕಾರಿ ಗಾಡಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಪರದೇಶದ ಅತಿಥಿ ಹೆಲೆನಾ ಈಗ ನಮ್ಮ ಮನೆಯಲ್ಲಿದ್ದಾರೆ. ಆರೋಗ್ಯ ಇಲಾಖೆಯವರು ಬಂದು ನೋಡಿ, ಕೈಗೆ ಮುದ್ರೆಯೊತ್ತಿ ಹೋದರು. ಜ್ವರವಿಲ್ಲ, ಕೆಮ್ಮಿಲ್ಲ. ನಮ್ಮ ಬೀದಿಯವರೂ ಮೊದಲ ದಿನ ಕಿಟಕಿ ಮುಚ್ಚಿಕೊಂಡರು. ಆದರೆ ಯಾರೂ ದೇವರನ್ನು ತಂದು ಬಾಗಿಲಿಗೆ ನಿಲ್ಲಿಸಲಿಲ್ಲ.

ಮಂಡಗದ್ದೆಯ ಬಳಿ ಪ್ರವಾಸಿಗರಿಗೆಂದು ನೀನು ಕಟ್ಟಿಸಿದ ಕೋಣೆಗೆ ಫೆಬ್ರವರಿಯಲ್ಲಿ ಆಕೆಯನ್ನು ಕಳಿಸಿದವನು ನಾನು. ತುಂಗೆಯ ದಂಡೆಯ ಮರಗಳ ಚಿತ್ರ ಬರೆಯಬೇಕೆಂದಿದ್ದರು. ಕೊರೊನಾದಿಂದ ದೇಶದೇಶಗಳು ಬಾಗಿಲು ಹಾಕಿಕೊಂಡಾಗ ಆಕೆಯ ರಾಯಭಾರ ಕಚೇರಿಯಿಂದ ಒಂದು ಸೂಚನೆ ಬಂತು. ಇದ್ದಲ್ಲೇ ಇರಿ, ಸ್ಥಳೀಯರ ಮಾತು ಮೀರಬೇಡಿ, ವಿಶೇಷ ವಿಮಾನ ಗೊತ್ತಾದರೆ ತಡಮಾಡದೆ ಹೊರಡಿ, ಯಾರ ಆತಿಥ್ಯವನ್ನೂ ನೆಚ್ಚಿಕೊಳ್ಳಬೇಡಿ. ಆಕೆ ಇದನ್ನು ನನಗೆ ಓದಿಹೇಳಿದಾಗ, “ಕೊನೆಯ ಮಾತು ನಮ್ಮ ಸೀಮೆಗೆ ಸಲ್ಲದು, ನೀವಿರುವುದು ಮುಕುಂದಯ್ಯನ ಮನೆಯಲ್ಲಿ” ಎಂದೆ. ನಿನ್ನ ಹೆಸರನ್ನು ಜಾಮೀನಿನಂತೆ ಕೊಟ್ಟೆ.

ಶುಕ್ರವಾರ ಬೆಳಗಿನ ಜಾವ ಬೆಂಗಳೂರಿನಿಂದ ವಿಮಾನ. ಆಕೆಯ ಗಂಡ ಅವರ ದೇಶದಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾರೆಂಬುದು ನಿನಗೂ ತಿಳಿದಿತ್ತು. ಕಚೇರಿಗಳಿಗೆ ಅಲೆದು ಒಂದು ಹಗಲಿಗೆ ಅನುಮತಿ ಪಡೆದು, ಜಯಪ್ಪನ ಬಾಡಿಗೆ ಕಾರಿನಲ್ಲಿ ಗುರುವಾರ ಬೆಳಿಗ್ಗೆಯೇ ಬಂದೆ. ಬಂದರೆ ನಿನ್ನ ಅಂಗಳದ ದಾರಿಗೆ ಅಡ್ಡ ಹಾಕಿದ ಉಣಗೋಲಿನ ಗಳುಗಳಿಗೆ ಹಳದಿ ತಗಡು: “ಈ ಆಸ್ತಿಗೆ ಶ್ರೀ ಚೌಡಮ್ಮ ದೇವಿಯ ಕಾವಲಿದೆ.” ಕಳ್ಳರ ಭಯಕ್ಕೆ ಅಡಿಕೆ ಕಣದಲ್ಲಿ ನೀನು ನೆಟ್ಟಿದ್ದ ಫಲಕವನ್ನು ಕಿತ್ತು ತಂದು ಅತಿಥಿಯ ದಾರಿಗೆ ಕಟ್ಟಿದ್ದೆ.

ಆಕೆ ಚೀಲ ಹಿಡಿದು ಉಣಗೋಲಿನವರೆಗೆ ಬಂದರು. ಜಯಪ್ಪ ಕಾರಿನಿಂದ ಇಳಿಯಲೇ ಇಲ್ಲ.

“ಮೇಷ್ಟ್ರೇ, ಅವರನ್ನ ಹತ್ತಿಸ್ಕಳಲ್ಲ ನಾನು. ಬೋರ್ಡಿನ ಒಳಗಿಂದು ಹೊರಗೆ ಒಯ್ದ್ರೆ ಕದ್ದಂಗೇ ಲೆಕ್ಕ. ರಕ್ತ ಕಾರೋದು ನಾನು.”

“ಅವರೇನು ಅಡಿಕೆ ಮೂಟೆಯೇನೋ ಮಾರಾಯ?”

“ದೇವಿಗೆ ಅದನ್ನೆಲ್ಲ ಯಾರು ಬಿಡಿಸಿ ಹೇಳ್ತಾರೆ? ಕಟ್ಟಿದೋರೇ ಬಿಚ್ಚಬೇಕು.”

ಅವನನ್ನು ಬೈಯಲಾರೆ. ನಾನೂ ಚೌಡಮ್ಮನಿಗೆ ಕೈಮುಗಿಯುವವನೇ. ನಾನೂ ಆ ತಗಡಿಗೆ ಕೈ ಹಚ್ಚಲಿಲ್ಲ. ಕಟ್ಟಿದವನು ನೀನು, ಜಗಲಿಯ ಮೇಲೆ ಕುಳಿತಿದ್ದೆ.

“ನಾನೇನ್ ಮಾಡ್ಲಿ ಸೀತಾರಾಮ? ಊರೋರ ಒತ್ತಾಯ. ಸುಬ್ಬಪ್ಪ ಬರ್ಲಿ, ಒಂದ್ ಮಾತು ಕೇಳಿ ಬಿಚ್ತೀನಿ. ನೀನು ಅಲ್ಲೇ ನಿಂತ್ಕ, ಪೇಟೆಯಿಂದ ಬಂದೋನು.”

ಸುಬ್ಬಪ್ಪ ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಬಂದ. ಪಂಚಾಯಿತಿಯಲ್ಲಿ ಒಂದು ಸ್ಥಾನ ಸಿಕ್ಕಮೇಲೆ ಅವನ ನಿದ್ದೆಗೂ ತೂಕ ಬಂದಿದೆ. “ಫಾರಿನ್ನವಳು ಹೋದ್ರೆ ನಮಗೂ ನೆಮ್ಮದಿನೇ. ಆದ್ರೆ ಪೇಟೆ ಕಾರು ಊರೊಳಗೆ ಬಂದಿದ್ದು ಯಾರನ್ನ ಕೇಳಿ?” ಎಂದ. “ಕಾರು ಬರದೆ ಆಕೆ ಹೋಗುವುದು ಹೇಗೆ?” ಎಂದೆ. “ಅದು ನಿಮ್ಮ ತಲೆನೋವು ಮೇಷ್ಟ್ರೇ” ಎಂದ. ನೀನು ನಕ್ಕೆ. ಇರಬಾರದೆನ್ನುವವರೂ ನೀವೇ, ಹೋಗಗೊಡದವರೂ ನೀವೇ. ಹಾಗೆ ನಗುವಷ್ಟು ಹೊತ್ತು ನಿನಗಿತ್ತು. ಆಕೆಗಿರಲಿಲ್ಲ.

ಕೊನೆಗೆ ನಿನ್ನ ಮನೆಯಾಕೆ ಮೂಕಮ್ಮ ಅಡುಗೆಮನೆಯಿಂದ ಕತ್ತಿ ತಂದು ಹಗ್ಗ ಕೊಯ್ದರು. “ಅಮ್ಮನಿಗೆ ತಪ್ಪುಕಾಣಿಕೆ ನಾನು ಕಟ್ತೀನಿ. ಹೆಂಗಸಿನ ಸಂಕಟ ಹೆಂಗಸಿಗೆ ಗೊತ್ತಾಗ್ತದೆ. ನೀವು ಗಂಡಸರು ಸಭೆ ಮುಂದುವರಿಸಿ” ಎಂದರು. ಆ ಮನೆಯಲ್ಲಿ ಇನ್ನೂ ಮನುಷ್ಯರಿದ್ದಾರೆಂದು ನಾನು ಹೇಳಬಲ್ಲೆನಾದರೆ ಅದು ಆ ತಾಯಿಯಿಂದ.

ಜಿಲ್ಲೆಯ ಗಡಿ ಮುಟ್ಟುವಾಗ ಅನುಮತಿಯ ಹೊತ್ತು ಮೀರಿತ್ತು. ಕಾವಲಿನವರು ಕಾಗದ ನೋಡಿ ಹಿಂದಕ್ಕೆ ತಿರುಗಿಸಿದರು. ಅವರ ತಪ್ಪಿಲ್ಲ. ಹೆಲೆನಾ ಅಳಲಿಲ್ಲ, ನಿನ್ನನ್ನು ಬೈಯಲೂ ಇಲ್ಲ. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದರು: “ಆ ಫಲಕದಲ್ಲಿ ಏನು ಬರೆದಿತ್ತು?” ದೇವಿ ನಿಮ್ಮನ್ನು ಕಾಯುತ್ತಾಳೆಂದು ಬರೆದಿತ್ತು ಎಂದೆ. ಬೇರೆ ಏನು ಹೇಳಲಿ?

ಮುಂದಿನ ವಿಮಾನ ಯಾವಾಗ ಎಂದು ರಾಯಭಾರ ಕಚೇರಿಯವರಿಗೇ ತಿಳಿಯದು. ದಿನಕ್ಕೊಮ್ಮೆ ಆಸ್ಪತ್ರೆಯ ದಾದಿ ಗಂಡನ ಕಿವಿಗೆ ದೂರವಾಣಿ ಹಿಡಿಯುತ್ತಾಳೆ. ಈಕೆ ನಮ್ಮ ಹಿತ್ತಲಿನಲ್ಲಿ ನಿಂತು ಮಾತಾಡುತ್ತಾರೆ, ಅತ್ತಣಿಂದ ಉತ್ತರವಿಲ್ಲ. ನನಗೆ ಆ ಭಾಷೆ ಬಾರದು, ಆದರೂ ಎದ್ದು ಒಳಗೆ ಹೋಗುತ್ತೇನೆ.

ಆಕೆಯ ಚಿತ್ರದ ಸುರುಳಿಗಳು ನಿನ್ನ ಕೋಣೆಯಲ್ಲಿ ಉಳಿದಿವೆ. ಇದೇ ಗಾಡಿಯಲ್ಲಿ ಕಳಿಸು. ನೀನು ಜೊತೆಗೆ ಬರಬೇಡ.

ಮೂಕಮ್ಮನವರಿಗೆ ನನ್ನ ಗೌರವಗಳು. ಮೊಮ್ಮಗಳು ಶ್ರಾವ್ಯಾಳಿಗೆ ಆಶೀರ್ವಾದ. ಅವಳು ಎಂದಾದರೂ ಪರದೇಶಕ್ಕೆ ಹೋದರೆ ನಿನ್ನಂಥವನ ಮನೆಯಲ್ಲಿ ತಂಗುವ ದಿನ ಬಾರದಿರಲಿ. ನಿನಗೂ ಆರೋಗ್ಯವಿರಲಿ, ಇದನ್ನು ಮನಸಾರೆ ಬರೆದಿದ್ದೇನೆ, ಬರೆಯಲು ಕಷ್ಟವಾಯಿತು.

ಇಂತು,
ಸೀತಾರಾಮಪ್ಪ

ಮರುಬರಹ: ಬರೆಯಬಾರದೆಂದಿದ್ದೆ. ಸುಬ್ಬಪ್ಪನಿಗಾಗಿ ಕಾಯುತ್ತಿದ್ದಾಗ ನೀನೇ ಕಾಫಿ ತಂದು ಉಣಗೋಲಿನಾಚೆ ಕಲ್ಲಿನ ಮೇಲಿಟ್ಟು ಹಿಂದೆ ಸರಿದೆ. ತೆಂಗಿನ ಕರಟದಲ್ಲಿ. ರೋಗದ ಕಾಲ, ಕುಡಿದು ಎಸೆಯಲೆಂದು ಇರಬಹುದು. ನಿಮ್ಮ ತೋಟದ ಕೆಲಸ ಮುಗಿಸಿದ ನನ್ನ ಅಪ್ಪ ದುಗ್ಗಪ್ಪ ಅದೇ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕರಟದಲ್ಲಿ ಕಾಫಿ ಕುಡಿಯುತ್ತಿದ್ದುದನ್ನು ನಾವಿಬ್ಬರೂ ಶಾಲೆಯಿಂದ ಬರುತ್ತ ನೋಡಿದವರು. ನಿನ್ನ ತಾಯಿ ನನ್ನನ್ನು ಒಳಗೆ ಕರೆದು ಹಿತ್ತಾಳೆಯ ಲೋಟ ಕೊಟ್ಟ ದಿನ, “ಇನ್ನು ಅದೆಲ್ಲ ಮುಗೀತು ಬಿಡು” ಎಂದು ನೀನು ನನ್ನ ಹೆಗಲ ಮೇಲೆ ಕೈಹಾಕಿದ್ದೆ. ಇಷ್ಟು ಕಾಲ ಅದನ್ನೇ ನಂಬಿ ಬದುಕಿದೆ. ನೀನು ಬೇಕೆಂದೇ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು, ಮುಕುಂದ. ನಿನ್ನ ಕೈ ತಾನಾಗಿ ಕರಟದ ಕಡೆಗೆ ಹೋಯಿತು. ನಾನು ಕುಡಿದೆ. ನನಗೆ ಸಕ್ಕರೆ ಎಷ್ಟು ಬೇಕೆಂಬುದು ಮಾತ್ರ ನಿನಗೆ ಸರಿಯಾಗಿ ನೆನಪಿತ್ತು.