ಸಿನ್ಫೊರೋಸಾ ಎಂಬ ಹೆಸರಿನವಳು

ವಿಲ್ಯಮೊರಿಕೊ,
ನವೆಂಬರ್ 4, 1981

ಪ್ರೀತಿಯ ಮಗಳು ನೀವೆಸ್‌ಗೆ,

ಅಮ್ಮನ ಆಶೀರ್ವಾದಗಳು. ಮಂಡಿನೋವೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಮಗುವಿನ ಜ್ಞಾನಸ್ನಾನ ಮುಗಿದು ತಿಂಗಳಾದರೂ ಅಮ್ಮ ಒಂದು ಸಾಲು ಬರೆಯಲಿಲ್ಲವಲ್ಲ ಎಂದು ಕೋಪ ಮಾಡಿಕೊಳ್ಳಬೇಡ. ಒಂದು ಕಾಗದಕ್ಕಾಗಿ ಕಾಯುತ್ತಿದ್ದೆ, ನಿನ್ನೆ ಬಂತು.

ಇಲ್ಲಿ ಚಳಿ ಹಿಡಿದಿದೆ. ಪಕ್ಕದ ಮನೆಯ ಫುಯೆನ್ಸಿಸ್ಲಾ ಹಂದಿ ಕೊಯ್ಯುವುದಕ್ಕೆ ಆಗಲೇ ಕತ್ತಿ ಮಸೆಸಿಟ್ಟಿದ್ದಾಳೆ. ಮಗುವಿನ ಹೆಸರು ವನೆಸಾ ಎಂದದ್ದೇ ತಡ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಅಯ್ಯೋ, ಅದ್ಯಾವ ಸಂತಳ ಹೆಸರೇ? ಕ್ಯಾಲೆಂಡರ್ ಪೂರ್ತಿ ಹುಡುಕಿದ್ರೂ ಸಿಗಲ್ವಲ್ಲೇ!" ನಿಮ್ಮ ಪಾದ್ರಿಗಳು ಮುಂದೆ ಒಂದು ಮರೀಯಾ ಸೇರಿಸಿದ್ದಾರೆ ಎಂದು ಹೇಳಿದ ಮೇಲೆ ಸಮಾಧಾನವಾಯಿತು.

ನನ್ನ ಹೆಸರು ಇಡಲಿಲ್ಲ ಎಂದು ನನಗೆ ಬೇಸರವಿಲ್ಲ, ಇದು ದೇವರಾಣೆಗೂ ನಿಜ. ಈ ಹೆಸರು ನನಗೆ ಬಂದದ್ದೇ ನಿನ್ನ ಅಜ್ಜನ ದೆಸೆಯಿಂದ. ನಾನು ಹುಟ್ಟಿದ್ದು ಜುಲೈ ಹದಿನಾರು, ಕಾರ್ಮೆನ್ ಮಾತೆಯ ದಿನ. ಒಕ್ಕಣೆಯ ಕಾಲ, ಅಪ್ಪ ಕಣ ಬಿಟ್ಟು ಬರಲಿಲ್ಲ. ಎರಡು ದಿನ ಬಿಟ್ಟು ಹೆಸರು ಬರೆಸಲು ಹೋಗಿ, "ಇವತ್ತು ಯಾವ ಸಂತರೋ ಅದನ್ನೇ ಬರ್ಕೊಳ್ಳಿ ಸ್ವಾಮಿ, ಗಾಳಿ ನಿಂತ್ಹೋಗುತ್ತೆ" ಎಂದನಂತೆ. ಗುಮಾಸ್ತ ಗೋಡೆಯ ಕ್ಯಾಲೆಂಡರ್ ನೋಡಿ ಸಿನ್ಫೊರೋಸಾ ಎಂದು ಗೀಚಿದ. ಕಾರ್ಮೆನ್ ಆಗಬೇಕಿದ್ದವಳು ಕಾಳು ತೂರುವ ಆತುರದಲ್ಲಿ ಸಿನ್ಫೊರೋಸಾ ಆದೆ.

ಆ ಸಂತಳಿಗೆ ಏಳು ಗಂಡುಮಕ್ಕಳು ಎಂದು ಶಾಲೆಯಲ್ಲಿ ಟೀಚರ್ ಹೇಳಿಬಿಟ್ಟರು. ಅವತ್ತಿನಿಂದ ಹುಡುಗರ ಕಾಟ ನೋಡಬೇಕಿತ್ತು. "ಎಲ್ಲೇ ನಿನ್ನ ಏಳು ಮಕ್ಕಳು? ಮೂಗು ಒರೆಸಿದ್ಯಾ?" ಮುಂದೆ ಆ ಸಂತಳ ದಿನವೇ, ಜುಲೈ ಹದಿನೆಂಟಕ್ಕೇ, ನಮ್ಮ ದೇಶದ ಅಂತರ್ಯುದ್ಧ ಬೇರೆ ಶುರುವಾಯಿತು, ಅದಕ್ಕೂ ನನ್ನನ್ನೇ ಅಂದರು. ನಿಮ್ಮಪ್ಪ ಬೆರ್ನಬೆ ಒಬ್ಬನೇ ನಗಲಿಲ್ಲ. "ಹೆಸ್ರು ಉದ್ದ ಇದ್ರೇನಂತೆ, ಕರೆಯೋಕೆ ನಂಗೆ ಜೀವಮಾನ ಪೂರ್ತಿ ಇದೆಯಲ್ಲ" ಎಂದ. ಮೂವತ್ತೊಂದು ವರ್ಷ ಒಂದಕ್ಷರವೂ ಬಿಡದೆ ಕರೆದ ಪುಣ್ಯಾತ್ಮ.

ನೀನು ಹುಟ್ಟಿದಾಗ ಪದ್ಧತಿಯಂತೆ ಇವಳಿಗೂ ಅಜ್ಜಿಯ ಹೆಸರೇ ಆಗಬೇಕು, ಪ್ಯಾನ್ಕ್ರಾಸಿಯಾ ಎಂದೇ ಇಡಬೇಕು ಎಂದು ನನ್ನತ್ತೆ ಹಟ ಹಿಡಿದರು. ನಾನು ಬಾಣಂತಿ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಚರ್ಚಿಗೆ ನಡೆದು ಹೋಗಿ ನೀವೆಸ್ ಎಂದು ಬರೆಸಿ ಬಂದೆ. ಅತ್ತೆ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟರು. ಬಿಡಲಿ ಎಂದೆ. ನಾನು ಪಟ್ಟ ಪಾಡು ನನ್ನ ಮಗಳು ಪಡಬಾರದಿತ್ತು. ಏಳು ಗಂಡು ಯಾಕೆ, ನನ್ನ ಪಾಲಿಗೆ ಇವಳೊಬ್ಬಳೇ ಸಾಕು ಎಂದುಕೊಂಡಿದ್ದೆ.

ಜ್ಞಾನಸ್ನಾನದ ದಿನ ನಿನ್ನ ಮನೆಯ ಊಟ ಚೆನ್ನಾಗಿತ್ತು. ನಿನ್ನತ್ತೆ ದೋನ್ಯಾ ಎಲ್ವೀರಾ, "ರೋಸಾ ಅವ್ರೇ, ಇನ್ನೊಂಚೂರು ಕುರಿಮರಿ ಹಾಕ್ಕೊಳ್ಳಿ, ಸಂಕೋಚ ಬೇಡ" ಎಂದಾಗ ರೋಸಾ ಯಾರಪ್ಪಾ ಎಂದು ಹಿಂದಕ್ಕೆ ತಿರುಗಿ ನೋಡಿದೆ. ನೀನು ಮೇಜಿನ ಕೆಳಗೆ ನನ್ನ ಕಾಲು ತುಳಿದೆ. ಅಡುಗೆಮನೆಯಲ್ಲಿ, "ಅಮ್ಮಾ, ಇವತ್ತೊಂದಿನ ಅಡ್ಜಸ್ಟ್ ಮಾಡ್ಕೋ. ಅವರು ಔಷಧಿ ಅಂಗಡಿಯವರು, ದೊಡ್ಡ ಜನ, ನಿನ್ನ ಹೆಸ್ರು ಕೇಳಿದ್ರೆ ನಗ್ತಾರೆ" ಎಂದೆ. ಅಡ್ಜಸ್ಟ್ ಮಾಡಿಕೊಂಡೆ. ಇಡೀ ಮಧ್ಯಾಹ್ನ ರೋಸಾ ಆಗಿ ಕಾಫಿ ಕುಡಿದೆ, ರೋಸಾ ಆಗಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕಣ್ಣೀರು ಹಾಕಿದೆ, ಅದನ್ನು ಬಚ್ಚಿಡುವುದೇಕೆ.

ಇರಲಿ. ಮಗುವಿಗೆ ಉಣ್ಣೆಯ ಸ್ವೆಟರ್ ಹೆಣೆದಿದ್ದೇನೆ, ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತೇನೆ. ಎದೆಹಾಲು ಬೇಗ ಬಿಡಿಸಬೇಡ. ದೇವಮಾತೆ ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಆ ಕಾಗದ ಯಾವುದೆಂದು ಹೇಳಲೇ ಇಲ್ಲ. ಮೊಮ್ಮಗಳ ಜ್ಞಾನಸ್ನಾನದ ದಾಖಲೆಯ ನಕಲೊಂದು ನನ್ನ ಪ್ರಾರ್ಥನೆ ಪುಸ್ತಕದಲ್ಲಿರಲಿ ಎಂಬ ಆಸೆಗೆ, ಇಲ್ಲಿನ ಪಾದ್ರಿಗಳಿಂದ ನಿಮ್ಮ ಚರ್ಚಿಗೆ ಬರೆಸಿ ತರಿಸಿದೆ. ಓದುತ್ತಾ ಓದುತ್ತಾ ಅವರು ಕಾಗದವನ್ನು ನನ್ನ ಕಡೆಗೆ ತಿರುಗಿಸಿದರು. ಕನ್ನಡಕ ಹಾಕಿಕೊಂಡು ನಾನೇ ಓದಿದೆ. ತಂದೆಯ ತಾಯಿ, ಎಲ್ವೀರಾ. ತಾಯಿಯ ತಂದೆ, ಬೆರ್ನಬೆ. ತಾಯಿಯ ತಾಯಿ, ರೋಸಾ. ಈ ಹೆಸರುಗಳನ್ನು ಬರೆಸಿದವಳು ನೀನೇ.

ಊಟದ ಹೊತ್ತಿನ ಸುಳ್ಳು ತಟ್ಟೆ ತೊಳೆದರೆ ಹೋಗುತ್ತದೆ ಎಂದು ನುಂಗಿಕೊಂಡಿದ್ದೆ. ಇದು ಚರ್ಚಿನ ಪುಸ್ತಕ ಕಣೇ, ನಾವೆಲ್ಲ ಸತ್ತ ಮೇಲೂ ಇರುತ್ತದೆ. ನಿಮ್ಮಪ್ಪನಿಗೆ ರೋಸಾ ಎಂಬ ಹೆಂಡತಿ ಇರಲಿಲ್ಲ. ನಿನಗಾಗಿ ಗೋಡೆ ಹಿಡಿದು ನಡೆದವಳು ರೋಸಾ ಅಲ್ಲ.

"ತಿದ್ದಿಸಬಹುದಮ್ಮಾ, ಮಗಳು ಬಂದು ಒಂದು ಸಹಿ ಹಾಕಿದ್ರೆ ಆಯ್ತು. ಬರ್ತಾಳಲ್ವಾ?" ಎಂದರು ಪಾದ್ರಿಗಳು. ಕಾಗದ ಮಡಚಿಕೊಂಡು ಎದ್ದು ಬಂದೆ.

ಉತ್ತರ ಬರೆಯುವುದಾದರೆ ವಿಳಾಸ ಸರಿಯಾಗಿ ಬರೆ. ರೋಸಾ ಎಂದು ಬಂದರೆ ಅಂಚೆಯವನು ವಾಪಸ್ ಕಳಿಸುತ್ತಾನೆ. ಈ ಮನೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ.

ಸಿನ್ಫೊರೋಸಾ ಅರಾನ್ಸ್ ಕಾಯೆಹಾ