ಬಣ್ಣವಿಲ್ಲದ ಗುರುತು

ಮಂಗಳವಾರ, ಬೆಳಿಗ್ಗೆ

ದೊಡ್ಡ ಸೊಸೆಗೆ, ಅತ್ತೆಯ ಆಶೀರ್ವಾದ.

ಮೂವತ್ತೊಂದು ವರ್ಷದಿಂದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ನಡೆಸುತ್ತಿರುವವಳು ನಾನು. ನನ್ನ ಮಾತಿಲ್ಲದೆ ಅಲ್ಲಿ ಒಂದು ನಲ್ಲಿಯೂ ತಿರುಗಿದ್ದಿಲ್ಲ. ಆದ್ದರಿಂದ ಈ ಕಾಗದವನ್ನು ಬೇಡಿಕೆ ಎಂದು ಓದಬೇಡ.

ನನ್ನ ತಲೆಯಲ್ಲಿ ಗಡ್ಡೆ ಇದೆಯೆಂದು ನಿನ್ನ ಗಂಡ ಹೇಳಿರುತ್ತಾನೆ. ಅವನು ದಿನವೂ ಬರುತ್ತಾನೆ, ಮಂಚದ ತುದಿಯಲ್ಲಿ ಕೂತು ಅಳುತ್ತಾನೆ, ಹೋಗುತ್ತಾನೆ. ಪೂರ್ತಿ ವಿಷಯ ಹೇಳಿರಲಾರ.

ಗಡ್ಡೆ ಸುಮ್ಮನೆ ಕೂತಿದೆಯೋ, ರಕ್ತ ಎಳೆದುಕೊಂಡು ಬೆಳೆಯುತ್ತಿದೆಯೋ ಡಾಕ್ಟರಿಗೆ ತಿಳಿಯಬೇಕಿತ್ತು. ಸೂಜಿಯಲ್ಲಿ ಔಷಧಿ ಬಿಟ್ಟು ಚಿತ್ರ ತೆಗೆಯುತ್ತಾರಂತೆ. ನನ್ನ ಕಿಡ್ನಿಗೆ ಅದು ಆಗದು. ಸೂಜಿಯಿಲ್ಲದೆಯೂ ನೋಡಬಹುದು ಎಂದಳು ಸ್ಕ್ಯಾನ್ ಮಾಡುವ ಹುಡುಗಿ. ಬಣ್ಣ ಬಿಡದೆ ನೀರಿನ ದಾರಿ ಹೇಗೆ ಕಾಣತ್ತೆ, ನನಗೇ ಹೇಳ್ಕೊಡ್ತೀಯಾ ಎಂದೆ.

"ನಿಮ್ಮ ರಕ್ತಾನೇ ಬಣ್ಣ ಅಜ್ಜಿ. ಕುತ್ತಿಗೆ ಹತ್ರ ಅಯಸ್ಕಾಂತದಿಂದ ಅದಕ್ಕೆ ಗುರುತು ಹಾಕ್ತೀವಿ, ಮೇಲೆ ಎಲ್ಲಿ ಜಾಸ್ತಿ ಸೇರುತ್ತೆ ನೋಡ್ತೀವಿ. ನೀವು ಐದು ನಿಮಿಷ ಬಾಯಿ ಮುಚ್ಕೊಂಡು, ಅಲ್ಲಾಡದೆ ಮಲಗಿದ್ರೆ ಸಾಕು" ಎಂದಳು.

ನನಗೆ ಬಾಯಿ ಮುಚ್ಚಲು ಹೇಳಿದ ಎರಡನೆಯ ಹೆಣ್ಣು ಅವಳು. ಮೊದಲನೆಯವಳು ನೀನು. ಹೋದ ವರ್ಷ ಸಮವಸ್ತ್ರದ ಬಟ್ಟೆಯ ಬಣ್ಣ ಕೆಟ್ಟಾಗ, ನೀನೇ ಬಣ್ಣದ ಅಳತೆ ತಪ್ಪಿಸಿದೆ ಎಂದು ಕೆಲಸಗಾರರ ಮುಂದೆ ನಿನ್ನನ್ನು ಹೊರಗೆ ಕಳಿಸಿದ ದಿನ.

ಮೊದಲ ಸಲ ಅಲ್ಲಾಡಿ ಚಿತ್ರ ಕೆಡಿಸಿದೆ. ಎರಡನೆಯ ಸಲ ಕಲ್ಲಿನಂತೆ ಮಲಗಿದೆ. ಪರದೆಯಲ್ಲಿ ಸುತ್ತೆಲ್ಲ ನೀಲಿ, ಗಡ್ಡೆಯಿದ್ದಲ್ಲಿ ಮಾತ್ರ ಕಡುಗೆಂಪು. ಬಣ್ಣ ಓದುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಡಾಕ್ಟರು ಬಾಯಿ ತೆರೆಯುವ ಮೊದಲೇ, ಬೆಳೀತಾ ಇದೆ ಅಲ್ವಾ ಎಂದೆ.

ಗುರುವಾರ ಆಪರೇಷನ್. ಮಾತು ಹೋದರೂ ಹೋಗಬಹುದಂತೆ. ತಡ ಮಾಡಿದರೆ ಹೇಗೂ ಹೋಗುತ್ತದೆ. ನಿನ್ನೆ ಸಹಿ ಹಾಕಿದೆ. ಅಲ್ಲಿಂದ ನೇರ ಕಾರ್ಖಾನೆಗೆ ಹೋಗಿ, ಬಣ್ಣ ಬೆರೆಸುವ ಕೋಣೆಯ ಬಾಗಿಲಿನಿಂದ ನನ್ನ ಹೆಸರಿನ ಹಲಗೆ ಇಳಿಸಿ ನಿನ್ನದನ್ನು ಹೊಡೆಸಿದೆ. ಮೇಸ್ತ್ರಿ ಏನೋ ಹೇಳಲು ಬಂದ. ಮೊಳೆ ಹಿಡಿ ಎಂದೆ.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ಆ ದಿನದ ಅಳತೆಯ ಚೀಟಿ ಇದರೊಳಗಿದೆ. ಒಂದು ಇರಬೇಕಾದಲ್ಲಿ ಏಳು ಬರೆದಿದೆ. ಅಕ್ಷರ ನನ್ನದು. ಗಡ್ಡೆಯಿಂದ ಹಾಗಾಗಿರಬೇಕು ಎಂದ ನಿನ್ನ ಗಂಡ. ಬರೆಯುವಾಗ ಇರಬಹುದು. ಆದರೆ ಆ ಸಂಜೆಯೇ ಚೀಟಿ ನೋಡಿ, ತಿಳಿದೂ ಒಂದು ವರ್ಷ ಬಚ್ಚಿಟ್ಟೆ. ನಿನ್ನೆ ಕೆಲಸಗಾರರನ್ನೆಲ್ಲ ನಿಲ್ಲಿಸಿಕೊಂಡು, ಮಾತು ಇರುವಾಗಲೇ, ಅದನ್ನು ಗಟ್ಟಿಯಾಗಿ ಓದಿದೆ.